ಮಾಲ್ಟಾದಲ್ಲಿ ಕಡಲಿಗಿಳಿಯುವ ಮೊದಲು ಗಾಳಿ ನೋಡಿ

ಊರಿಂದ ಮಾಲ್ಟಾಕ್ಕೆ ಬರುವವರೆಲ್ಲ ಟಿಕೆಟ್ ಆದ ಕೂಡಲೇ ನನ್ನನ್ನು ಕೇಳುವುದು ಒಂದೇ: "ಯಾವ ಬೀಚ್ ಚೆಂದ?" ಅದನ್ನು ಅವತ್ತು ಬೆಳಿಗ್ಗೆ ಗಾಳಿ ನೋಡಿಯೇ ಹೇಳಬೇಕು.

ಹೋದ ಸೆಪ್ಟೆಂಬರಿನಲ್ಲಿ ಅಕ್ಕ, ಭಾವ, ಅವರ ಮಗಳು ಬಂದಿದ್ದರು. ಭಾವ ಫೋಟೋ ನೋಡಿ ಗೋಲ್ಡನ್ ಬೇ ಆರಿಸಿಟ್ಟಿದ್ದರು. ಪಶ್ಚಿಮಕ್ಕೆ ಮುಖ ಮಾಡಿದ, ಒಳ್ಳೆಯ ಹೊಯ್ಗೆಯ ದಂಡೆ. ಆದರೆ ಅಂದು ವಾಯವ್ಯದ ಗಾಳಿ. ಇಲ್ಲಿಯವರು 'ಮಯ್ಯಿಸ್ಟ್ರಾಲ್' ಅನ್ನುವ ಇದೇ ಗಾಳಿ ಇಲ್ಲಿ ಹೆಚ್ಚು ಬೀಸುವುದು. ಕೆಂಪು ಬಾವುಟ ಹಾರುತ್ತಿತ್ತು, ತೆರೆ ಹೊಯ್ಗೆ ಕಲಸಿ ನೀರು ಕಂದಾಗಿತ್ತು. ಕಾರು ತಿರುಗಿಸಿ ಮೆಲ್ಲಿಹಾ ಬೇಗೆ ಹೋದೆವು. ಹೆಚ್ಚು ದೂರವಿಲ್ಲ. ಅದು ಈಶಾನ್ಯಕ್ಕೆ ತೆರೆದ ದಂಡೆ, ಹಾಗಾಗಿ ನೀರು ಕೆರೆಯ ಹಾಗೆ ಮಲಗಿತ್ತು. ತುಂಬ ದೂರ ನಡೆದರೂ ಸೊಂಟದ ಮಟ್ಟ ದಾಟುವುದಿಲ್ಲ. ಈಜು ಬಾರದ ಅಕ್ಕ ಸಂಜೆವರೆಗೂ ಮೇಲೆ ಬರಲಿಲ್ಲ.

ಮಾಲ್ಟಾ ದ್ವೀಪದ ಉದ್ದ ಸುಮಾರು 27 ಕಿಲೋಮೀಟರ್ ಅಷ್ಟೆ. ಒಂದು ಬದಿ ಕಡಲು ಎದ್ದಿದ್ದರೆ ಇನ್ನೊಂದು ಬದಿಗೆ ಹೋದರಾಯಿತು. ಆಗ್ನೇಯದ 'ಶ್ಲೊಕ್' ಬೀಸಿದರೆ ಲೆಕ್ಕ ತಿರುಗುಮುರುಗು. ಆಗ ಗೋಲ್ಡನ್ ಬೇ ಒಳ್ಳೆಯದು. ಮಾರ್ಸಶ್ಲೊಕ್ ಹತ್ತಿರದ ಸೇಂಟ್ ಪೀಟರ್ಸ್ ಪೂಲ್ ಕಡೆ ತಲೆ ಹಾಕಬೇಡಿ. ಆ ಊರಿನ ಹೆಸರಲ್ಲೇ ಗಾಳಿ ಇದೆಯಲ್ಲ! ಅಲ್ಲಿ ಹೊಯ್ಗೆಯೂ ಇಲ್ಲ, ಬಂಡೆಯಿಂದ ನೇರ ಆಳಕ್ಕೆ. ಈಜು ಬಲ್ಲವರಿಗೆ ಮಾತ್ರ.

ನೀರು ಇಷ್ಟು ತಿಳಿ ಹೇಗೆ ಅಂತ ಭಾವ ದಿನಾ ಕೇಳುತ್ತಿದ್ದರು. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ಮಳೆಗಾಲದಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ಕೆಂಪು ನೀರು ಕಡಲಿಗೆ ಬೀಳುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಡೈವಿಂಗ್‌ಗೆ ನನ್ನ ಮನಸ್ಸು ಓಡುವುದು ಗೋಝೋ ದ್ವೀಪದ ದ್ವೇಯ್ರಾಕ್ಕೆ. ಅಲ್ಲಿದ್ದ ಹೆಸರಾಂತ ಕಲ್ಲಿನ ಕಮಾನು 'ಅಜೂರ್ ವಿಂಡೋ' 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದುಬಿತ್ತು. ಪಕ್ಕದ ಬ್ಲೂ ಹೋಲ್ ಉಳಿದಿದೆ. ನೇತ್ರಾಣಿಗೆ ಮುರುಡೇಶ್ವರದಿಂದ ದೋಣಿ ಬೇಕು. ಇಲ್ಲಿ ಸಿಲಿಂಡರ್ ಹೊತ್ತು ನಡೆದೇ ಹೋಗುವುದು. ಸುಣ್ಣಕಲ್ಲು ಗರಗಸದ ಹಾಗೆ, ದಪ್ಪ ಅಡಿಯ ಬೂಟು ಬೇಕೇ ಬೇಕು. ಬಾವಿಯಂಥ ಗುಂಡಿಗಿಳಿದರೆ ನೀರಿನಡಿ ಒಂದು ಕಮಾನು, ಅದರಾಚೆ ತೆರೆದ ಕಡಲು. ಕತ್ತಲಿನಿಂದ ಆ ನೀಲಿಗೆ ಹೊರಟಾಗ ಅಕ್ಕನ ಮಗಳು ಅಲ್ಲೇ ನಿಂತುಬಿಟ್ಟಳು, ಗುಳ್ಳೆ ಮಾತ್ರ ಮೇಲೇರುತ್ತಿತ್ತು. ಅವಳು ಕೋರ್ಸ್ ಮುಗಿಸಿ ಬಂದವಳು. ಹೊಸಬರನ್ನು ಇಲ್ಲಿಗೆ ಕರೆದೊಯ್ಯಬೇಡಿ. ದ್ವೇಯ್ರಾ ಕೂಡ ಪಶ್ಚಿಮಕ್ಕಿದೆ. ಮಯ್ಯಿಸ್ಟ್ರಾಲ್ ಇದ್ದರೆ ದಕ್ಷಿಣದ ಮ್ಜಾರ್ ಇಶ್-ಶೀನಿ ಎಂಬ ಇಕ್ಕಟ್ಟಿನ ಕೊಲ್ಲಿಗೆ ಹೋಗಿ.

ಕೊನೆಯ ದಿನಕ್ಕೆ ಡೈವಿಂಗ್ ಇಟ್ಟುಕೊಳ್ಳಬೇಡಿ. ದಿನಾ ಡೈವ್ ಮಾಡಿದ್ದರೆ ವಿಮಾನ ಹತ್ತುವ ಮೊದಲು ಕಡಿಮೆಯೆಂದರೂ 18 ಗಂಟೆ ಬಿಡುವು ಬೇಕು, ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲು. ಅಕ್ಕನ ಮಗಳು ಹಾಗಾಗಿ ಕೊನೆಯ ದಿನ ಮೆಲ್ಲಿಹಾದಲ್ಲೇ ಇದ್ದಳು. ತನ್ನ ಮಾಸ್ಕನ್ನು ಅಮ್ಮನಿಗೆ ಕಟ್ಟಿ, ಕೈ ಹಿಡಿದು, ಸೊಂಟದಾಳದ ನೀರಲ್ಲಿ ಮುಖವಿಡಿಸಿ ಮೀನು ತೋರಿಸುತ್ತಿದ್ದಳು.