‘ನೀವೇನಾ?’ ಅಂತ ಕೇಳಬೇಡಿ, ಹೇಳಿಸಿ

‘ಲಕ್ಷ್ಮಮ್ಮ ನೀವೇನಾ?’ ಎಂದರೆ ಪಕ್ಕದ ಹಾಸಿಗೆಯ ರತ್ನಮ್ಮನೂ ತಲೆಯಾಡಿಸಿಬಿಡುತ್ತಾರೆ. ಕಿವಿ ಮಂದ, ಅರೆನಿದ್ದೆ, ಸಿಸ್ಟರ್ ಸೂಜಿ ಹಿಡಿದು ಬಂದರೆಂಬ ಗಾಬರಿ. ಮೇಲೆ ಬೆಂಗಳೂರಿನ ವಾರ್ಡಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಅಕ್ಕಪಕ್ಕ. ಅದಕ್ಕೇ ‘ಅಮ್ಮಾ, ನಿಮ್ಮ ಪೂರ್ತಿ ಹೆಸರು ಹೇಳಿ’ ಎಂದು ಅವರ ಬಾಯಿಂದಲೇ ಬರಿಸಬೇಕು. ಆಮೇಲೆ ಕೈಗೆ ಕಟ್ಟಿದ ಬ್ಯಾಂಡಿನ ಆಸ್ಪತ್ರೆ ನಂಬರನ್ನು ಡ್ರಗ್ ಚಾರ್ಟಿನ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಓದಿ ನೋಡಬೇಕು. ಬೆಡ್ ನಂಬರ್ ಲೆಕ್ಕಕ್ಕಿಲ್ಲ, ಬೆಡ್ ಮಧ್ಯಾಹ್ನ ಇದ್ದಂತೆ ರಾತ್ರಿ ಇರುವುದಿಲ್ಲ. ಎಂ. ಮಂಜುನಾಥ, ಮಂಜುನಾಥ ಎಂ. ಒಬ್ಬರೇ ಇರಬಹುದು, ಇಬ್ಬರಿರಬಹುದು. ಅದನ್ನು ತೀರ್ಮಾನಿಸುವುದು ನಂಬರೇ. ರಕ್ತ ತೆಗೆದ ಟ್ಯೂಬಿಗೆ ಲೇಬಲ್ ಹಚ್ಚುವುದೂ ರೋಗಿಯ ಪಕ್ಕದಲ್ಲೇ ಆಗಬೇಕು, ಟೇಬಲ್ಲಿಗೆ ಹೋದ ಮೇಲಲ್ಲ.

ಓಟಿಯಲ್ಲೂ, ಅಂದರೆ ಆಪರೇಷನ್ ಥಿಯೇಟರಿನಲ್ಲೂ, ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟಿನಲ್ಲಿ ಮೂರು ಕಡೆ ನಿಲ್ಲಬೇಕು: ಅನಸ್ತೇಷಿಯಾ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು. ಹೆಚ್ಚು ಕೆಡುವುದು ನಡುವಿನದು. ಒಬ್ಬರು ಓದುತ್ತಿರುತ್ತಾರೆ, ಮತ್ತೊಬ್ಬರು ಡ್ರೇಪ್ (ರೋಗಿಗೆ ಹೊದಿಸುವ ಶುದ್ಧ ಬಟ್ಟೆ) ಸರಿಪಡಿಸುತ್ತಿರುತ್ತಾರೆ, ಹಾಳೆಗೆ ಟಿಕ್ ಆಗಲೇ ಬಿದ್ದಿರುತ್ತದೆ. ಎಲ್ಲರ ಕೈಯೂ ನಿಲ್ಲದೆ ಓದಲು ಶುರು ಮಾಡಲೇಬಾರದು. ‘ಆಂಟಿಬಯೋಟಿಕ್ ಆಯ್ತಾ?’ ಎಂದರೆ ‘ಆಯ್ತು’ ಎಂಬ ಉತ್ತರ ಬರುತ್ತದೆ. ‘ಎಷ್ಟು ಗಂಟೆಗೆ ಕೊಟ್ಟಿರಿ?’ ಎಂದರೆ ಚಾರ್ಟ್ ತೆರೆಯಲೇಬೇಕಾಗುತ್ತದೆ. ಕೊಟ್ಟ ಹೊತ್ತು ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಇರಬೇಕು. ಎಡವೋ ಬಲವೋ ಎಂಬ ಗುರುತನ್ನು ರೋಗಿ ಎಚ್ಚರವಿರುವಾಗಲೇ ಮಾರ್ಕರಿನಲ್ಲಿ ಹಾಕಬೇಕು, ಡ್ರೇಪ್ ಹೊದಿಸಿದ ಮೇಲೂ ಅದು ಕಾಣುತ್ತಿರಬೇಕು.

ಔಷಧಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ಸುಲಿನ್. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ವಯಲ್ (ಔಷಧಿಯ ಪುಟ್ಟ ಬಾಟಲಿ) ಇದೆ, 100 ಯೂನಿಟ್ಟಿನದೂ ಇದೆ. ಸಿರಿಂಜೂ ಎರಡು ಬಗೆ: 40ಕ್ಕೆ ಕೆಂಪು ಕ್ಯಾಪ್, 100ಕ್ಕೆ ಕಿತ್ತಳೆ. ರಾತ್ರಿ ಡ್ಯೂಟಿಯ ಮಂಕು ಬೆಳಕಿನಲ್ಲಿ ಕೆಂಪು, ಕಿತ್ತಳೆ ಎರಡೂ ಒಂದೇ ಥರ. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಸಿಗುವುದು 0.1 ಮಿಲಿ, ಅಂದರೆ 4 ಯೂನಿಟ್; ಶುಗರ್ ಇಳಿಯುವುದಿಲ್ಲ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಅದೇ 10ಕ್ಕೆ ಎಳೆದರೆ 0.25 ಮಿಲಿ, 25 ಯೂನಿಟ್. ಬೆವರು, ನಡುಕ, ಪ್ರಜ್ಞೆ ತಪ್ಪುವುದು ಇದರಿಂದ. ಚಾರ್ಟಿನಲ್ಲಿ ‘ಯು’ ಎಂಬ ಒಂದೇ ಇಂಗ್ಲಿಷ್ ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು 10 ನೂರಾಗುತ್ತದೆ. ‘ಯೂನಿಟ್’ ಎಂದು ಪೂರ್ತಿ ಬರೆಸಿಕೊಳ್ಳಿ, ಡಾಕ್ಟರು ಬೇಸರಪಟ್ಟರೂ ಸರಿ.

ಡೋಸನ್ನು ಇಬ್ಬರು ನೋಡುವ ಪದ್ಧತಿ ಹಲವು ಕಡೆ ಇದೆ, ಆದರೆ ‘ಸಿಸ್ಟರ್, 10 ತಗೊಂಡಿದ್ದೀನಿ, ಸರಿ ಇದೆಯಾ?’ ಎಂದರೆ ಎರಡನೆಯವರ ಕಣ್ಣಿಗೂ 10 ಎಂದೇ ಕಾಣುತ್ತದೆ. ಚಾರ್ಟ್, ವಯಲ್, ಸಿರಿಂಜ್ ಮೂರನ್ನೂ ಕೈಗಿಟ್ಟು ‘ಎಷ್ಟಿದೆ ಹೇಳಿ’ ಎನ್ನಬೇಕು. ಡ್ರಿಪ್ಪಿಗೆ ಬೆರೆಸಿ ಕೊಡುವ ಪೊಟ್ಯಾಸಿಯಂ ಕ್ಲೋರೈಡಿಗೂ ಹೀಗೇ. 10 ಮಿಲಿ ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಇರುತ್ತದೆ. ಬೆರೆಸದೆ ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ನೋಡಲು ನೀರಿನಂತೆಯೇ ಇರುವುದರಿಂದ ಡಿಸ್ಟಿಲ್ಡ್ ವಾಟರ್ ಇಡುವ ಟ್ರೇಯಲ್ಲಿ ಅದನ್ನು ಇಡಲೇಬಾರದು.

ಡಿಸ್ಚಾರ್ಜ್ ದಿನ ಸಿರಿಂಜ್ ಬೀದಿ ಕೊನೆಯ ಮೆಡಿಕಲ್ ಶಾಪಿನಿಂದ ಬರುತ್ತದೆ. ಮನೆಯವರು ಕೊಂಡು ತಂದ ಸಿರಿಂಜನ್ನೇ, ಕೊಂಡು ತಂದ ವಯಲ್ಲನ್ನೇ ಮುಂದಿಟ್ಟು, ಎರಡರ ಮೇಲಿನ 40 ಅಥವಾ 100ನ್ನು ಅವರಿಂದಲೇ ಓದಿಸಿ, ಇವತ್ತಿನ ಡೋಸನ್ನು ಅವರ ಕೈಯಿಂದಲೇ ಎಳೆಸಿ ನೋಡಿ.