ಗಿರವಿ ಅಂಗಡಿ ಮುಂದೆ ನೆಹರೂ ನೆನಪು

ಮಂಡ್ಯ ಪೇಟೆ ಬೀದೀಲಿ ಇವತ್ತು ಕಂಡ ಬೋರ್ಡು: 'ಅಡವಿಟ್ಟ ಒಡವೆ ಬಿಡಿಸಿಕೊಡಲಾಗುವುದು.'

ತಕ್ಷಣ ನೆನಪಾದದ್ದು 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೇಲಿ ನೆಹರೂ ಮಾಡಿದ ಇಂಗ್ಲಿಷ್ ಭಾಷಣದ ಮೊದಲ ವಾಕ್ಯ. 'ರಿಡೀಮ್ ಅವರ್ ಪ್ಲೆಡ್ಜ್' ಅಂತ ಬರುತ್ತಲ್ಲ, ಅದು.

ಪ್ಲೆಡ್ಜ್ ಅಂದ್ರೆ ಪ್ರತಿಜ್ಞೆ ಅಂತಷ್ಟೇ ಉರು ಹೊಡೆದವರಿಗೆ ಪಕ್ಕದಲ್ಲಿ ರಿಡೀಮ್ ಯಾಕೆ ಕೂತಿದೆ ಅಂತ ಗೊತ್ತಾಗಲ್ಲ. ಪ್ಲೆಡ್ಜ್‌ಗೆ ಗಿರವಿ ಅನ್ನೋ ಅರ್ಥವೂ ಇದೆ. ರಿಡೀಮ್ ಅಂದ್ರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳೋದು. ಕೊಟ್ಟ ಮಾತನ್ನೂ ಹಾಗೇ ಬಿಡಿಸಿಕೊಳ್ಳಬೇಕು! ವಾಕ್ಯದ ಕೊನೇಲಿ 'ಸಬ್‌ಸ್ಟ್ಯಾನ್ಷಿಯಲಿ' ಇದೆ ನೋಡಿ. ಪೂರ್ತಿ ಅಲ್ಲ, ಬಹುಪಾಲು. ಅಸಲು ಇನ್ನೂ ಸ್ವಲ್ಪ ಬಾಕಿ ಅಂದ ಹಾಗೆ.

ಅದೇ ವಾಕ್ಯದಲ್ಲಿ 'ಟ್ರಿಸ್ಟ್ ವಿತ್ ಡೆಸ್ಟಿನಿ' ಅಂತ ಬರುತ್ತೆ, ವಿಧಿಯ ಜೊತೆ ಭೇಟಿ ಅಂತ. ಆ 'ಟ್ರಿಸ್ಟ್' ಇನ್ನೊಂದು ಗುಂಡಿ. ಟ್ರೈಸ್ಟ್ ಅಂತ ಎಳೀತಾರೆ. ಟ್ರಿಸ್ಟ್ ಅನ್ನೋದೇ ಹೆಚ್ಚು ಬಳಕೆ. ಮೊದಲೇ ಗೊತ್ತು ಮಾಡಿಕೊಂಡ ಭೇಟಿ, ಸಾಮಾನ್ಯವಾಗಿ ಪ್ರೇಮಿಗಳ ಗುಟ್ಟಿನ ಭೇಟಿ. 'ನಾಳೆ ಮ್ಯಾನೇಜರ್ ಜೊತೆ ಟ್ರಿಸ್ಟ್ ಇದೆ' ಅಂತ ಮೇಲ್ ಹಾಕಿದ್ರೆ ಆಫೀಸೆಲ್ಲ ಗುಸುಗುಸು.

ಇಂಗ್ಲಿಷ್ ಕಲಿಯೋಕೆ ಅಂತ ಇಡೀ ಭಾಷಣ ಒಟ್ಟಿಗೆ ನುಂಗೋಕೆ ಹೋಗ್ಬೇಡಿ. ಮೊದಲ ಪ್ಯಾರಾ ಸಾಕು, ದಿನಕ್ಕೊಂದು ವಾಕ್ಯ. ರೆಕಾರ್ಡಿಂಗ್ ಎರಡು ಸಲ ಕೇಳಿ, ಆಮೇಲೆ ಓದಿ. ಪದ ಒಂಟಿಯಾಗಿ ಬರ್ಕೋಬೇಡಿ, ಜೊತೆಗಾರನ ಸಮೇತ ಬರೀರಿ: ರಿಡೀಮ್ ಎ ಪ್ಲೆಡ್ಜ್, ರಿಡೀಮ್ ಎ ಕೂಪನ್. ಕೊನೆಗೆ ಹಾಳೆ ಮುಚ್ಚಿ ನಿಮ್ಮದೇ ಒಂದು ವಾಕ್ಯ. ಎಲ್ರೂ ಬಿಡೋದು ಇದನ್ನೇ, ವಾರದಲ್ಲಿ ಪದ ಮರೆಯೋದೂ ಇದಕ್ಕೇ.