ಈಗ ಯಾವ ಮಳೆ?

ಹೋದ ಶನಿವಾರ ಬಿಸಿಲಿದ್ದಂತೆಯೇ ಮಳೆ ಸುರಿಯಿತು. ಒಣಗಿಹಾಕಿದ್ದ ಬಟ್ಟೆ ಎಳೆದುಕೊಳ್ಳುತ್ತಿದ್ದ ಪಕ್ಕದ ಮನೆ ಅಜ್ಜಿ ನಮ್ಮ ಬಾಲ್ಕನಿ ಕಡೆ ತಿರುಗಿ ನನ್ನ ಮಗಳಿಗೆ ‘ಕಿತ್ಸುನೆ ನೊ ಯೊಮೆಯಿರಿ!’ ಎಂದು ಕೂಗಿದರು. ನರಿ ಮದುವೆಯ ದಿಬ್ಬಣ ಅಂತ ಅರ್ಥ. ಒದ್ದೆ ಅಂಗಿ ಕೈಯಲ್ಲಿ ಹಿಡಿದವನು ಹಾಗೇ ನಿಂತುಬಿಟ್ಟೆ. ಅರಸೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಇಂಥ ಮಳೆಗೆ ‘ಕಾಗೆಗೂ ನರಿಗೂ ಮದುವೆ’ ಅಂತ ಕುಣಿಯುತ್ತಿದ್ದೆವಲ್ಲ! ಜಪಾನಿನಲ್ಲಿ ನರಿ ನರಿಯನ್ನೇ ಮದುವೆಯಾಗುತ್ತದೆ. ಜಾತಿ ಬಿಟ್ಟು ಜಾತಿಗೆ ಕೊಟ್ಟು ತಂದದ್ದು ನಮ್ಮೂರಲ್ಲಿ ಅದೊಂದೇ ಇರಬೇಕು.

ಮಗಳಿಗೆ ಇದು ಭಾರಿ ಹಿಡಿಸಿತು. ಅವಳಿಗೆ ಒಂಬತ್ತು ವರ್ಷ, ಇಲ್ಲೇ ಹುಟ್ಟಿದವಳು. ಪ್ಲಮ್ ಹಣ್ಣಾಗುವ ಜೂನ್ ತಿಂಗಳ ಜಡಿಮಳೆಗೆ ‘ತ್ಸುಯು’, ಬೇಸಿಗೆಯ ಸಂಜೆ ಮಳೆಗೆ ‘ಯೂದಾಚಿ’, ಚಳಿ ಶುರುವಾಗುವಾಗಿನ ತುಂತುರಿಗೆ ‘ಶಿಗುರೆ’ ಅನ್ನುವುದನ್ನೆಲ್ಲ ಬಲ್ಲಳು. ‘ಅಪ್ಪ, ನಿಮ್ಮೂರಿನ ಮಳೆಗೂ ಹೆಸರಿದ್ಯಾ?’ ಎಂದಳು. ‘ನಿಮ್ಮೂರು’ ಅಂದದ್ದು ಎಲ್ಲೋ ಚುಚ್ಚಿತು. ಅದನ್ನು ನುಂಗಿಕೊಂಡು ಪಾಠ ಶುರು ಮಾಡಿದೆ. ನಕ್ಷತ್ರ 27, ಸೂರ್ಯ ಒಂದೊಂದರಲ್ಲಿ 13-14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ್ದೇ ಹೆಸರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ. ಮಘೆ ಮಳೆ ಬಂದಷ್ಟೂ ಚೆನ್ನ, ಮನೆಮಗ ಉಂಡಷ್ಟೂ ಚೆನ್ನ. ನಾಲಿಗೆ ತಾನಾಗಿ ಓಡುತ್ತಿತ್ತು.

‘ಹಾಗಾದ್ರೆ ಈಗ ಯಾವ್ ಮಳೆ?’

ಗೊತ್ತಿರಲಿಲ್ಲ. ಊರಿಗೆ ಫೋನ್ ಹಚ್ಚಿದೆ. ಹೊಲ ನೋಡಿಕೊಳ್ಳುವ ತಮ್ಮನೇ ಎತ್ತಿಕೊಂಡ. ‘ಯಾವ್ ಮಳೆ ಅಂದ್ರೆ? ಮಳೆನೇ ಇಲ್ಲ ಕಣಣ್ಣ. ಆ್ಯಪಲ್ಲಿ ಗುರುವಾರ ತೋರಿಸ್ತಿದೆ’ ಎಂದ. ಹಿಂದಿನಿಂದ ಅಮ್ಮನ ದನಿ: ‘ಆರಿದ್ರ ಕಣೋ. ನಿನ್ನೆ ಹುಟ್ತು.’

ತಮ್ಮನನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಪಿಯುಸಿ ಓದುತ್ತಿದ್ದಾಗ ರಜೆಗೆ ಬಂದವನು, ಪಂಚಾಂಗ ತೆಗೆದು ನೋಡುತ್ತಿದ್ದ ಅಪ್ಪನಿಗೆ ‘ಮೋಡಕ್ಕೆ ಪಂಚಾಂಗ ಓದೋಕೆ ಬರುತ್ತಾ?’ ಅಂತ ಅರಳಿಕಟ್ಟೆಯಲ್ಲಿ, ನಾಲ್ಕು ಜನರ ಮುಂದೆ ಕೇಳಿದ್ದೆ. ಜನ ನಕ್ಕರು. ಅಪ್ಪ ಮಾತಾಡಲಿಲ್ಲ, ಎದ್ದು ಹದ ನೋಡಲು ಹೊಲಕ್ಕೆ ಹೋದರು. ನಾನೂ ಹಿಂದೆ ಹೋದೆ, ತಪ್ಪಾಯಿತು ಅಂತ ಹೇಳಲು. ಹೇಳಲಾಗಲಿಲ್ಲ. ಅಪ್ಪ ಹೆಬ್ಬೆರಳಿನಿಂದ ಮಣ್ಣು ಕೆದಕಿ, ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಬಿಟ್ಟರು. ಉಂಡೆ ನಿಂತಿತು, ಬೆರಳಿನಿಂದ ತಟ್ಟಿದರೆ ಪುಡಿಯಾಯಿತು. ಅಷ್ಟಾದರೂ ತೃಪ್ತಿಯಿಲ್ಲದೆ ಹೊಲದ ಆ ಮೂಲೆಗೂ ಹೋಗಿ ಇನ್ನೊಂದು ಹಿಡಿ ತೆಗೆದರು. ಪಂಚಾಂಗ ಹೇಳಿದರೂ ಮಣ್ಣು ಹೂಂ ಅನ್ನುವವರೆಗೆ ಅವರು ರಾಗಿ ಬಿತ್ತಿದವರಲ್ಲ. ಹದಿನೇಳರ ನನಗೆ ಕಂಡದ್ದು ಪಂಚಾಂಗ ಮಾತ್ರ.

ಭಾನುವಾರ ಅಜ್ಜಿಯ ಮುಂದೆ ಈ ಮಳೆಗಾದೆಗಳನ್ನೆಲ್ಲ ಅನುವಾದಿಸಿ ಮೆರೆದೆ. ಹೊರನಾಡಿನಲ್ಲಿ ನಮಗೆ ಊರಿನ ಜಂಬ ಸ್ವಲ್ಪ ಹೆಚ್ಚೇ. ಅವರು ಪೂರ್ತಿ ಕೇಳಿಸಿಕೊಂಡು, ‘ಚೆನ್ನಾಗಿದೆ. ಎಷ್ಟು ವರ್ಷ ನಿಜವಾಯಿತು, ಎಷ್ಟು ವರ್ಷ ಸುಳ್ಳಾಯಿತು?’ ಎಂದರು. ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ನನ್ನಲ್ಲಿ ಉತ್ತರವಿರಲಿಲ್ಲ.

ಅಜ್ಜಿಯ ಹತ್ತಿರ ಒಂದು ನೋಟ್‌ಬುಕ್ಕಿದೆ. ಉಗುಯಿಸು ಹಕ್ಕಿ ಮೊದಲು ಕೂಗಿದ ದಿನ, ಸಿಕಾಡ ಹುಳು ಮೊದಲು ಕಿರುಗುಟ್ಟಿದ ದಿನ, ಎಲ್ಲ ವರ್ಷವಾರು ಬರೆದಿದ್ದಾರೆ. ಇಲ್ಲಿನ ಹವಾಮಾನ ಇಲಾಖೆಯೂ 1953ರಿಂದ ದೇಶದುದ್ದಕ್ಕೂ ಇದೇ ಕೆಲಸ ಮಾಡುತ್ತಿತ್ತು. 57 ಬಗೆಯ ಗಿಡ, ಪ್ರಾಣಿಗಳ ಪಟ್ಟಿಯಲ್ಲಿ 2021ರಿಂದ ಉಳಿದದ್ದು 6 ಗಿಡ ಮಾತ್ರ. ಹಕ್ಕಿಯೂ ಹೋಯಿತು, ಹುಳುವೂ ಹೋಯಿತು. ಆ ಸುದ್ದಿ ಎತ್ತಿದರೆ ಅಜ್ಜಿಗೆ ಈಗಲೂ ಸಿಟ್ಟು. ಜಪಾನಿನಲ್ಲಿ ಎಲ್ಲ ಉಳಿದಿದೆ, ನಮ್ಮಲ್ಲಿ ಎಲ್ಲ ಅಳಿದಿದೆ ಅಂತ ಊರಿಗೆ ಬಂದಾಗೆಲ್ಲ ಭಾಷಣ ಬಿಗಿಯುವ ನನ್ನಂಥವರು ಇದನ್ನೂ ಹೇಳಬೇಕು.

ಇಲ್ಲಿ ವರ್ಷವನ್ನು ಐದೈದು ದಿನದ 72 ತುಂಡು ಮಾಡುವ ಹಳೆಯ ಲೆಕ್ಕವೊಂದಿದೆ. ಚೀನಾದಿಂದ ಬಂದದ್ದು, ಒಂದೊಂದು ತುಂಡಿಗೂ ಆ ದಿನಗಳಲ್ಲಿ ಕಾಣುವ ಹೂವು, ಹಕ್ಕಿ, ಹವೆಯದ್ದೇ ಹೆಸರು. ಅಲ್ಲಿನ ಹೂವು ಹಕ್ಕಿ ಇಲ್ಲಿಗೆ ಹೊಂದುತ್ತಿರಲಿಲ್ಲ. 1685ರ ಸುಮಾರಿಗೆ ಶಿಬುಕಾವಾ ಶುಂಕಾಯಿ ಎಂಬ ಖಗೋಳಜ್ಞ ಅದನ್ನು ಇಲ್ಲಿನ ಹವೆಗೆ ತಕ್ಕಂತೆ ತಿದ್ದಿದ. ಹಿರಿಯರದ್ದನ್ನು ತಿದ್ದಿದರೆ ಕೆಡುತ್ತದೆ ಅಂತ ಅವನಿಗೆ ಅನ್ನಿಸಲಿಲ್ಲ. ನಮ್ಮ ಮಳೆ ನಕ್ಷತ್ರಗಳೂ ಋತುವಿನ ಎದುರು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತಿವೆ. ಗಾದೆ ಹುಟ್ಟಿದ ಕಾಲದ ಆರಿದ್ರ ಇವತ್ತಿನದಕ್ಕಿಂತ ಎಷ್ಟು ದಿನ ಮುಂಚೆ ಬರುತ್ತಿತ್ತೋ! ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕಗಳಿವೆ. ಅಂಕಿ ಅಲ್ಲಿದೆ, ಗಾದೆ ವಾಟ್ಸ್‌ಆ್ಯಪ್ ಚಿತ್ರದಲ್ಲಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ನಮ್ಮ ಮನೆಯಲ್ಲಂತೂ ಯಾರೂ ಇರಲಿಲ್ಲ. ತಮ್ಮ ಟ್ರ್ಯಾಕ್ಟರ್ ಬಾಡಿಗೆಗೆ ಸಿಕ್ಕ ದಿನ ಉಳುತ್ತಾನೆ, ಹದ ಇರಲಿ ಬಿಡಲಿ. ಸರದಿ ತಪ್ಪಿದರೆ ಮತ್ತೆ ವಾರ ಕಾಯಬೇಕು. ಅದೂ ಸುಳ್ಳಲ್ಲ.

ಈಗ ಮಗಳೂ ಒಂದು ನೋಟ್‌ಬುಕ್ ಹಿಡಿದಿದ್ದಾಳೆ. ದಿನಾ ಸಂಜೆ ಅಜ್ಜಿಗೆ, ಅಂದರೆ ನಮ್ಮಮ್ಮನಿಗೆ, ವಿಡಿಯೋ ಕಾಲ್. ‘ಆರಿದ್ರ’ ಅನ್ನುವುದನ್ನು ಕನ್ನಡದಲ್ಲೇ ಬರೆಯುತ್ತಾಳೆ, ಒತ್ತಕ್ಷರ ಕೊಂಚ ಸೊಟ್ಟ. ನಾಲ್ಕು ದಿನ ಆಯಿತು, ಊರಲ್ಲಿ ಹನಿ ಬಿದ್ದಿಲ್ಲ. ನಿನ್ನೆ ಅಮ್ಮನಿಗೆ ಬೇಸರ ಬಂತು.

‘ಬರದೇ ಇರೋ ಮಳೇನ ಏನಂತ ಬರ್ಕೊಳ್ತೀಯೇ ತಾಯಿ?’

‘ಬರ್ಲಿಲ್ಲ ಅಂತ, ಅಜ್ಜಿ.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಂಗಾದ್ರೆ ಇದನ್ನೂ ಬರ್ಕೋ. ಬೆಳಿಗ್ಗೆ ಪಡುವಲ ಗಾಳಿ ಜೋರಿತ್ತು. ಮೋಡ ನಿಲ್ಲಲಿಲ್ಲ’ ಎಂದಳು.